ಒಂಬತ್ತು ಕೇಸರದ ಹೂವು

ನಮ್ಮಜ್ಜಿಯ ಅಜ್ಜಿಯೂ ಹುಟ್ಟದ ಕಾಲದ ಮಾತು. ಜರ್ಮನ್ ಸೀಮೆಯ ಕಗ್ಗಾಡಿನಾಚೆ, ಮರಗಳು ನಡೆದಾಡುತ್ತಿದ್ದ ಒಂದು ರಾಜ್ಯದಲ್ಲಿ ಕೊನ್ರಾಡ್ ಎಂಬ ತೋಟಗಾರನಿದ್ದ. ಕುಡುಗೋಲು ತಾಗಿ ಅವನ ಎಡಗೈಯ ಕಿರುಬೆರಳು ಹೋಗಿತ್ತು. ಆ ನಾಡಿನ ಗಿಡಗಳನ್ನೆಲ್ಲ ಕುಲವಾರು ವಿಂಗಡಿಸಿ ಹೆಸರು ಬರೆದಿಟ್ಟ ಮೊದಲಿಗ ಅವನೇ. ಹೂವು ಬಿಡಿಸಿ, ಒಳಗಿನ ಕೇಸರಗಳನ್ನು ಬೆರಳಿಗೊಂದರಂತೆ ಎಣಿಸುತ್ತಿದ್ದ. ಒಂಬತ್ತಕ್ಕೆ ಬೆರಳು ಮುಗಿದರೆ ಪುಟ್ಟ ಮಗಳು ಒಡೀಲಿಯಾ ಓಡಿಬಂದು ತನ್ನ ಕಿರುಬೆರಳು ಚಾಚುತ್ತಿದ್ದಳು.

“ಹತ್ತನೆಯದು ನಂದು, ಅಪ್ಪಾ!”

“ನೀನಿಲ್ಲದಿದ್ದರೆ ನನ್ನ ಲೆಕ್ಕವೇ ಕೆಡುತ್ತಿತ್ತು, ಮಗಳೇ,” ಎಂದು ಅಪ್ಪ ನಗುತ್ತಿದ್ದ. ಹೂವನ್ನು ದಪ್ಪ ಕಾಗದದ ನಡುವೆ ಒಣಗಲಿಟ್ಟು, ಮೇಲೆ ಕಲ್ಲು ಹೇರುತ್ತಾ ಹೇಳುತ್ತಿದ್ದ: “ಬಣ್ಣ ಮಾಸುತ್ತೆ, ವಾಸನೆ ಹಾರಿಹೋಗುತ್ತೆ. ಎಣಿಕೆ ಮಾತ್ರ ಒಣಗಿದ ಮೇಲೂ ಉಳಿಯುತ್ತೆ.”

ಎಂಥ ಸವಿಯಾದ ದಿನಗಳು ಅವು!

ಆ ರಾಜ್ಯದಲ್ಲೇ ಮೋರ್ಗ್ ಎಂಬ ಮಾಯಾವಿಯೂ ಇದ್ದ. ವಿಷದ ಸೊಪ್ಪನ್ನೇ ಮದ್ದೆಂದು ಕೊಟ್ಟು ಜನರನ್ನು ಹಾಸಿಗೆ ಹಿಡಿಸುವುದು ಅವನ ಕಸುಬು. ಕೊನ್ರಾಡನ ಹಾಳೆಗಳನ್ನು ನೋಡಿ ಜನ ಯಾವುದು ವಿಷ, ಯಾವುದು ಮದ್ದು ಎಂದು ತಿಳಿದುಕೊಂಡಾಗ ಅವನ ಹೊಟ್ಟೆ ಉರಿಯಿತು. ಒಂದು ಮುಂಜಾನೆ ತೋಟಗಾರನನ್ನು ಹೂಗಿಡ ಮಾಡಿ, ತನ್ನ ತೋಟದ ನೂರು ಗಿಡಗಳಲ್ಲಿ ಒಂದಾಗಿ ನೆಟ್ಟುಬಿಟ್ಟ.

ಅಷ್ಟರಲ್ಲಿ ಬೆಳೆದು ನಿಂತಿದ್ದ ಒಡೀಲಿಯಾ ಅಪ್ಪನನ್ನು ಬಿಟ್ಟುಕೊಡೆಂದು ಕೇಳಲು ಅಲ್ಲಿಗೆ ಹೋದಳು.

“ಮೂರು ದಿನ, ಮೂರು ಸಲ,” ಎಂದ ಮೋರ್ಗ್. “ಅಪ್ಪನನ್ನು ಗುರುತಿಸಿದರೆ ಕರೆದುಕೊಂಡು ಹೋಗು. ಮೂರನೇ ಸಲವೂ ತಪ್ಪಿದರೆ ನೂರೊಂದನೇ ಗಿಡ ನೀನೇ, ಹುಡುಗಿ.”

ಮೊದಲ ದಿನ ಅಪ್ಪನ ನೀಲಿ ಕಣ್ಣು ನೆನೆದು ನೀಲಿ ಹೂವೊಂದನ್ನು ಮುಟ್ಟಿದಳು. ಹೂವು ಕೆಂಪಾಗಿ ಕಿಸಕ್ಕನೆ ನಕ್ಕಿತು. ಅವಳ ಕೂದಲು ಬೆಳ್ಳಗಾಯಿತು.

ಎರಡನೇ ದಿನ ಅಪ್ಪನ ಅಂಗಿಯ ಹೊಗೆಸೊಪ್ಪಿನ ವಾಸನೆ ಹುಡುಕಿ ಇನ್ನೊಂದನ್ನು ಮುಟ್ಟಿದಳು. ವಾಸನೆ ಹಕ್ಕಿಯಾಗಿ ಹಾರಿಹೋಯಿತು. ಅವಳ ಬೆನ್ನು ಬಾಗಿತು. ನೂರು ಸಲ ಕೇಳಿದ ಅಪ್ಪನ ಮಾತು ಅಳುವಿನ ನಡುವೆ ನೆನಪಾಗಲಿಲ್ಲ, ಪಾಪ.

ಮೂರನೇ ದಿನ ನೂರು ಗಿಡಕ್ಕೂ ಒಂದೇ ಬಣ್ಣ, ಒಂದೇ ವಾಸನೆ! ಒಡೀಲಿಯಾ ಕುಸಿದು ಕುಳಿತಳು. ಬಣ್ಣದಿಂದಲೂ ವಾಸನೆಯಿಂದಲೂ ಉಪಯೋಗವಿಲ್ಲ ಎಂದಾದಾಗ ಅಪ್ಪನ ಹಾಳೆಗಳು ಕಣ್ಣ ಮುಂದೆ ಬಂದವು. ಜೊತೆಗೆ ತಂದಿದ್ದ ಅಪ್ಪನ ಭೂತಗನ್ನಡಿ ತೆಗೆದು, ಹೂವು ಹೂವಿನ ಕೇಸರಗಳನ್ನು ಬೆರಳ ಮೇಲೆ ಎಣಿಸತೊಡಗಿದಳು. ಹತ್ತು. ಹತ್ತು. ಮತ್ತೆ ಹತ್ತು. ಹೊತ್ತು ಇಳಿಯಿತು. ಎಂಬತ್ತೇಳನೇ ಗಿಡದ ಹೂವಿನಲ್ಲಿ ಎಣಿಕೆ ಒಂಬತ್ತಕ್ಕೇ ನಿಂತಿತು. ಅವಳ ಕಿರುಬೆರಳೊಂದು ಉಳಿಯಿತು.

“ಹತ್ತನೆಯದು ನಂದು, ಅಪ್ಪಾ,” ಎಂದು ಬಿಕ್ಕುತ್ತಾ ಆ ಬೆರಳನ್ನು ಹೂವಿನೊಳಗಿಟ್ಟಳು.

ಕೊನ್ರಾಡ್ ಮೈಯ ಮಣ್ಣು ಕೊಡವಿಕೊಂಡು ಎದ್ದು ನಿಂತ. ಅವಳ ಕೂದಲು ಕಪ್ಪಾಯಿತು, ಬೆನ್ನು ನೆಟ್ಟಗಾಯಿತು. ಎಣಿಸುವ ಗೋಜಿಗೇ ಹೋಗದ ಮೋರ್ಗ್ ಒಣಗಿ ಚಪ್ಪಟೆಯಾಗಿ ಹಾಳೆಯೊಂದಕ್ಕೆ ಅಂಟಿಕೊಂಡ. ಕೊನ್ರಾಡ್ ಅದರ ಕೆಳಗೆ ‘ವಿಷ’ ಎಂದು ಬರೆದಿಟ್ಟ.

ಹಾಸಿಗೆ ಹಿಡಿದ ಜನ ಎದ್ದು ಓಡಾಡಿದರು. ನಾಡು ನಗುತ್ತಾ ಬಾಳಿತು. ಅಪ್ಪ, ಮಗಳು ಬಹುಕಾಲ ಕೂಡಿ ಹೂವು ಎಣಿಸಿದರು. ಅಪ್ಪ ಹೋದ ಮೇಲೂ, ಕೂದಲು ನಿಜವಾಗಿಯೇ ನೆರೆತ ಮೇಲೂ, ಒಡೀಲಿಯಾ ಆ ಹಳೆಯ ಹಾಳೆಗಳನ್ನು ಬಿಚ್ಚುತ್ತಿದ್ದಳು. ಒಂಬತ್ತರವರೆಗೆ ಅಪ್ಪನ ಹಾಗೆ ಎಣಿಸಿ, ಒಂದು ಗಳಿಗೆ ನಿಂತು, ಆಮೇಲೆ ತನ್ನ ಕಿರುಬೆರಳು ಚಾಚುತ್ತಿದ್ದಳು.