ಬ್ರೇಕ್ ಮೇಡಂ ಮತ್ತು ನೀಲಿ ಕಾರು

ಗೇಟಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಾಗ ತಾನೇನು ಮಾಡುತ್ತಿದ್ದೇನೆ ಎಂಬುದು ಅವಳಿಗೇ ತಿಳಿದಿರಲಿಲ್ಲ.

ನೀಲಿ ಕಾರು ಇಳಿಜಾರಿನಲ್ಲಿ ಅವಳತ್ತಲೇ ಬರುತ್ತಿತ್ತು. ವೇಗವೇನೂ ಇರಲಿಲ್ಲ. ಆದರೆ ನಿಲ್ಲುತ್ತಲೂ ಇರಲಿಲ್ಲ.

ಗಾಜಿನ ಹಿಂದೆ ಅವನ ಮುಖ ಕಂಡಿತು. ಮೊದಲು ಸಿಟ್ಟು. ಆಮೇಲೆ ಗೊಂದಲ. ಆಮೇಲೆ... ಭಯ. ಅವನು ಬ್ರೇಕ್ ತುಳಿಯುತ್ತಿದ್ದಾನೆ, ಕಾರು ಮಾತು ಕೇಳುತ್ತಿಲ್ಲ ಎಂಬುದು ಆ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

'ಪಕ್ಕಕ್ಕೆ ಸರಿ,' ಎಂದಿತು ಮನಸ್ಸು. ಕಾಲು ಏಳಲಿಲ್ಲ.

ಹ್ಯಾಂಡ್ ಬ್ರೇಕ್ ಕಿರ್ರೆಂದಿತು. ಕಾರು ಒಮ್ಮೆ ಮುಗ್ಗರಿಸಿ ನಿಂತಿತು. ಬಂಪರ್ ಅವಳ ಮೊಣಕಾಲಿಗೆ ತಗುಲಿತ್ತು, ಬೆಕ್ಕು ಬಂದು ಮೈ ಉಜ್ಜಿದಷ್ಟು ಮೆತ್ತಗೆ.

ಅವನು ಬಾಗಿಲು ತೆರೆದು ಇಳಿದ.

ಅವಳೇ ಕೇಳಿದಳು. "ಪೆಡಲ್ ಒಳಗೆ ಹೋಯ್ತಾ?"

ಅವನು ತಲೆಯಾಡಿಸಿದ.

"ಪೂರ್ತಿ?"

"ಪೂರ್ತಿ."

ಹಿಂದಿನ ಸೀಟಿನಿಂದ ಅವನ ತಾಯಿ ಕತ್ತು ಚಾಚಿದರು. "ಏನಾಯ್ತು ಮಗಾ? ಆ ಹುಡುಗಿಗೆ ತಾಗಿತಾ?"

ಅವನು ಬಗ್ಗಿ ಬಂಪರನ್ನೂ ಅವಳ ಮೊಣಕಾಲನ್ನೂ ನೋಡಿದ.

ಅವಳು ವಾಹನ ತಪಾಸಣಾ ಕೇಂದ್ರದಲ್ಲಿ ಇನ್‌ಸ್ಪೆಕ್ಟರ್. ಅಲ್ಲಿ ಎಲ್ಲರೂ ಅವಳನ್ನು 'ಬ್ರೇಕ್ ಮೇಡಂ' ಎನ್ನುತ್ತಿದ್ದರು. ಹೆಚ್ಚಿನವರು ಬೆನ್ನ ಹಿಂದೆ, ಕೆಲವರು ಎದುರಿಗೇ. ಗಾಡಿ ಗಟ್ಟಿಮುಟ್ಟಾಗಿದೆ ಎಂಬ ಅರ್ಹತಾ ಪತ್ರ, ಅಂದರೆ ಎಫ್‌ಸಿ ಬರೆದುಕೊಡುವುದು ಅವಳ ಕೆಲಸ. ಬರೆದುಕೊಟ್ಟ ಮೇಲೂ ಆ ಗಾಡಿಗಳು ಅವಳ ತಲೆಯೊಳಗೆ ಓಡುತ್ತಲೇ ಇರುತ್ತಿದ್ದವು. ಊಟಕ್ಕೆ ಕೂತರೆ, 'ಆ ವ್ಯಾನಿನ ಟೈರು ಸರಿಯಾಗಿ ನೋಡಿದೆನಾ?' ಎಂದು ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು.

ಅವನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಅಂದು ಬೆಳಿಗ್ಗೆ ಸಾಲಿನಲ್ಲಿ ಅವನ ಸರದಿ ಬಂದಾಗ, ಕಾರಿನ ನಂಬರ್ ಬರೆದುಕೊಳ್ಳುತ್ತಿದ್ದ ಅವಳನ್ನು ನೋಡಿ ಅವನು, "ಮೇಡಂ, ನಿಮ್ಮ ಕನ್ನಡಕ ಒಂದು ಕಡೆ ಜಾರಿದೆ. ಒಂದ್ನಿಮಿಷ ಕೊಡ್ತೀರಾ?" ಎಂದಿದ್ದ. ಎರಡು ಬೆರಳಲ್ಲಿ ಅದರ ಕಡ್ಡಿಯನ್ನು ಬಾಗಿಸಿ, ಒರೆಸಿ ವಾಪಸ್ ಕೊಟ್ಟಿದ್ದ. ಹಾಕಿಕೊಂಡಾಗ ಅವಳಿಗೆ ಮೊದಲು ನಿಚ್ಚಳವಾಗಿ ಕಂಡದ್ದು ಅವನ ಮುಖವೇ.

'ಇವರ ಗಾಡೀಲಿ ಏನೂ ತೊಂದ್ರೆ ಇರದಿರಲಿ,' ಎಂದುಕೊಂಡೇ ಅವಳು ಕಾರಿನ ಕೆಳಗಿನ ಗುಂಡಿಗೆ ಇಳಿದಿದ್ದಳು.

ಟಾರ್ಚ್ ಹಾಕಿದಳು. ಬ್ರೇಕ್ ಪೈಪು ತುಕ್ಕು ತಿಂದು ಹಪ್ಪಳವಾಗಿತ್ತು. ಒಂದು ಕಡೆ ಎಣ್ಣೆ ಜಿನುಗುತ್ತಿತ್ತು.

"ಪಾಸ್ ಮಾಡಕ್ಕಾಗಲ್ಲ ಸರ್," ಎಂದಳು ಮೇಲೆ ಬಂದು.

ಅವನ ಮುಖ ಬಾಡಿತು. "ಟ್ಯಾಕ್ಸ್ ಕಟ್ಟೋಕೆ ಇವತ್ತೇ ಕೊನೇ ದಿನ ಮೇಡಂ. ಎಫ್‌ಸಿ ಇಲ್ದೆ ಕೌಂಟರ್‌ನಲ್ಲಿ ಟ್ಯಾಕ್ಸ್ ತಗೊಳ್ಳಲ್ಲ. ಟ್ಯಾಕ್ಸ್ ಇಲ್ದೆ ನಾಳೆಯಿಂದ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ. ಅಮ್ಮನಿಗೆ ದಿನ ಬಿಟ್ಟು ದಿನ ಡಯಾಲಿಸಿಸ್, ನಾಳೆನೂ ಇದೆ..."

"ಟ್ಯಾಕ್ಸ್ ಕಟ್ತೀವಿ ಅಂದ್ರೂ ಬೇಡ ಅನ್ನೋ ಸರ್ಕಾರಾನ ಇದೇ ಮೊದಲು ನೋಡ್ತಿರೋದು ನಾನು," ಎಂದರು ತಾಯಿ. "ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂದ ಹಾಗಾಯ್ತು."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

"ಸರ್, ಕಣ್ಣು ಕಾಣದವರಿಗೆ ಚೆನ್ನಾಗಿ ಕಾಣುತ್ತೆ ಅಂತ ನೀವು ಬರ್ದು ಕೊಡ್ತೀರಾ?"

"ನಿಮಗೆ ಮಾತಾಡೋದು ಸುಲಭ," ಎಂದಿದ್ದ ಅವನು. "ಬಸ್ಸಲ್ಲಿ ನಿಂತ್ಕೊಂಡು ಹೋಗೋ ಶಕ್ತಿ ಇಲ್ಲ ಅವರಿಗೆ. ನಿಮ್ಮ ಮನೇಲಿ ಯಾರೂ ಇಲ್ವಾ?"

ಆ ಮಾತು ನೇರ ಎದೆಗೇ ತಾಗಿತ್ತು. ಯಾಕೆಂದರೆ ನಿಜವಾಗಿಯೂ ಯಾರೂ ಇರಲಿಲ್ಲ. ಅವಳು ಉತ್ತರ ಹುಡುಕುವಷ್ಟರಲ್ಲಿ ಅವನು ಕಾರು ಹತ್ತಿ ಹೊರಟಿದ್ದ. ಅವಳು ಅಡ್ಡದಾರಿಯಲ್ಲಿ ಗೇಟಿಗೆ ಓಡಿದ್ದಳು.

ಈಗ ಅವನು ಕಾವಲುಗಾರನ ಜೊತೆ ಸೇರಿ ಕಾರನ್ನು ಗೋಡೆಯ ಪಕ್ಕಕ್ಕೆ ತಳ್ಳಿದ. ತಾಯಿಯ ತೋಳು ಹಿಡಿದು ಬಸ್ ಸ್ಟಾಪಿನ ಕಡೆ ನಡೆದ. ಒಮ್ಮೆಯೂ ತಿರುಗಿ ನೋಡಲಿಲ್ಲ.

'ಅಷ್ಟು ಜನರ ಮುಂದೆ ಅವರ ಮರ್ಯಾದೆ ಕಳೆದೆ. ಇನ್ನು ಈ ಕಡೆ ತಲೆ ಹಾಕಲ್ಲ,' ಎಂದುಕೊಂಡಳು ಅವಳು.

ಅವನು ತಿರುಗಿ ನೋಡದಿದ್ದುದು ಸಿಟ್ಟಿನಿಂದಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮರುದಿನ ಬೆಳಿಗ್ಗೆ ಗೋಡೆಯ ಪಕ್ಕದಲ್ಲಿ ಕಾರು ಇರಲಿಲ್ಲ.

"ನಿನ್ನೆ ಸಂಜೆ ಅವರ ಭಾವ ಅಂತೆ, ಬಂದು ಎಳೆಸ್ಕೊಂಡು ಹೋದ್ರು," ಎಂದ ಕಾವಲುಗಾರ. "ಜೊತೇಲಿ ಆ ಏಜೆಂಟ್ ಇದ್ದ."

ಏಜೆಂಟ್ ಎಂದರೆ ಯಾರು ಎಂದು ಅವಳು ಕೇಳಬೇಕಿರಲಿಲ್ಲ. ಗಾಡಿ ನೋಡದೆಯೇ ಎಫ್‌ಸಿ ಮಾಡಿಸಿಕೊಡುವವನು ಅವನೊಬ್ಬನೇ.

ಅವಳು ಅಂಗಳ ದಾಟಿ ಟ್ಯಾಕ್ಸ್ ಕೌಂಟರಿಗೆ ಹೋದಳು. ಅಲ್ಲಿ ಕೂರುವ ಅಕ್ಕ ಅವಳಿಗೆ ಹಳೆಯ ಪರಿಚಯ. "ಅಕ್ಕಾ, ಒಂದು ನಂಬರ್ ನೋಡ್ತೀರಾ? ನಿನ್ನೆ ನಾನು ಫೇಲ್ ಮಾಡಿದ ಗಾಡಿ."

ಅಕ್ಕ ಕಂಪ್ಯೂಟರ್ ನೋಡಿದರು. "ಟ್ಯಾಕ್ಸ್ ಕಟ್ಟಿದ್ದಾರಲ್ಲ. ಈಗ ತಾನೇ, ತಡದ ದಂಡ ಸೇರಿಸಿ."

"ಎಫ್‌ಸಿ?"

"ಇದೆ. ಊರಾಚೆಯ ಕೇಂದ್ರದ್ದು. ಪಾಸ್ ಅಂತಿದೆ."

ಅವಳು ಪರದೆಯ ಕಡೆ ಬಗ್ಗಿ ಮತ್ತೊಮ್ಮೆ ನೋಡಿದಳು.

ಆ ಹಳೇ ಕಾರಿನ ಪೈಪು ಪೇಟೆಯಲ್ಲಿ ಸಿಗುವುದಿಲ್ಲ. ಹೊರಗಿನಿಂದ ತರಿಸಬೇಕು, ವಾರಗಟ್ಟಲೆ ಬೇಕು. ರಾತ್ರಿ ಬೆಳಗಾಗುವುದರೊಳಗೆ ಅದು ಸರಿಯಾಗಿರಲು ಸಾಧ್ಯವೇ ಇಲ್ಲ. ಅಂದರೆ ಕಾಗದ ಮಾತ್ರ ಪಾಸಾಗಿದೆ. ಟ್ಯಾಕ್ಸ್ ಕಟ್ಟಿದ್ದಾಗಿದೆ. ಇನ್ನು ಆ ಕಾರನ್ನು ಯಾವ ಪೊಲೀಸರೂ ತಡೆಯುವುದಿಲ್ಲ.

ಇವತ್ತು ಡಯಾಲಿಸಿಸ್ ದಿನ. ಆಸ್ಪತ್ರೆಯಿರುವುದು ಗುಡ್ಡದ ಕೆಳಗೆ. ದಾರಿಯುದ್ದಕ್ಕೂ ಇಳಿಜಾರು.

ಅವನು ಅರ್ಜಿಯಲ್ಲಿ ಬರೆದಿದ್ದ ನಂಬರಿಗೆ ಕೇಂದ್ರದ ಫೋನಿನಿಂದ ಫೋನ್ ಮಾಡಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದಳು. ಈ ಸಲ ಅವನು ಕಟ್ ಮಾಡಿದ.

ಅವಳು ಓಡಿಹೋಗಿ ಹೇಳಿದರೂ ಕೇಂದ್ರದ ದೊಡ್ಡ ಅಧಿಕಾರಿಗಳು ಮಾತ್ರ ತಣ್ಣಗಿದ್ದರು. "ದೂರು ಬರ್ದು ಕೊಡಮ್ಮ, ವಿಚಾರಣೆ ಮಾಡಿಸೋಣ. ಸದ್ಯಕ್ಕೆ ಕಾಗದದ ಪ್ರಕಾರ ಆ ಗಾಡೀಲಿ ತಪ್ಪಿಲ್ಲ."

"ವಿಚಾರಣೆ ಆಗೋ ಹೊತ್ತಿಗೆ ಅವರು ಗುಡ್ಡದ ಬುಡದಲ್ಲಿ ಇರ್ತಾರೆ ಸರ್."

ದೂರನ್ನು ಅಲ್ಲೇ ನಿಂತು ಬರೆದುಕೊಟ್ಟು, ರಜೆ ಕೇಳಿ, ತನ್ನ ಕಾರು ಹತ್ತಿದಳು.

ಕನ್ನಡಕದ ಅಂಗಡಿಯ ಬಾಗಿಲು ಮುಚ್ಚಿತ್ತು. "ಅಮ್ಮನ್ನ ಕರ್ಕೊಂಡು ಆಸ್ಪತ್ರೆಗೆ ಹೋದ್ರು, ಆಗಲೇ," ಎಂದ ಪಕ್ಕದ ಅಂಗಡಿಯವನು. ಹೇಗೆ ಹೋದರು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಗುಡ್ಡದ ರಸ್ತೆಯ ಪ್ರತಿ ತಿರುವಿನಲ್ಲೂ ಅವಳ ಕಣ್ಣು ತಡೆಗೋಡೆಯ ಮೇಲೆಯೇ ಇತ್ತು. ಎಲ್ಲಾದರೂ ಮುರಿದಿದೆಯಾ? ಎಲ್ಲಾದರೂ ಜನ ಸೇರಿದ್ದಾರಾ? ಒಂದು ಕಡೆ ಟೈರು ಎಳೆದ ಕಪ್ಪು ಗೆರೆಗಳಿದ್ದವು. ಹಳೆಯವೋ ಹೊಸವೋ... ಎದುರಿನಿಂದ ಒಂದು ಆಂಬುಲೆನ್ಸ್ ಕೂಗುತ್ತಾ ಮೇಲಕ್ಕೆ ಹೋಯಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟವಳಿಗೆ, ಮತ್ತೆ ಗೇರ್ ಹಾಕಲು ಕೈ ಬರಲಿಲ್ಲ.

'ನಿನ್ನೆ ನಾನೇ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತೀನಿ ಅಂದಿದ್ರೆ? ಬರೀ ಫೇಲ್ ಅಂತ ಬರೆದೆ. ಮುಂದೆ ಏನು ಮಾಡ್ತೀರಿ ಅಂತ ಒಂದು ಮಾತು ಕೇಳಲಿಲ್ಲ...'

ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿದ್ದ ಕಾರುಗಳ ನಡುವೆ ಅವಳು ಎರಡು ಸುತ್ತು ಹಾಕಿದಳು. ನೀಲಿ ಕಾರು ಇರಲಿಲ್ಲ.

ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ ನರ್ಸನ್ನು ಕೇಳಿದಳು.

"ಕನ್ನಡಕದವರ ತಾಯೀನಾ? ಇನ್ನೂ ಬಂದಿಲ್ಲ," ಎಂದರು ನರ್ಸ್ ಖಾಲಿ ಹಾಸಿಗೆಯ ಕಡೆ ನೋಡಿ. "ಇಷ್ಟೊತ್ತಿಗೆ ಬಂದು ಮೆಷಿನ್ ಹಾಕಿಸ್ಕೋಬೇಕಿತ್ತು. ಯಾವತ್ತೂ ಲೇಟಾಗಲ್ಲ ಅವರು."

ಅವಳು ಗೋಡೆಯ ಗಡಿಯಾರ ನೋಡಿದಳು.

ಅಂಗಡಿ ಬಿಟ್ಟು ಆಗಲೇ ಬಹಳ ಹೊತ್ತಾಗಿದೆ. ಇಲ್ಲಿಗೆ ಬಂದಿಲ್ಲ. ಇರುವುದು ಒಂದೇ ರಸ್ತೆ. ತಾನು ಯಾವುದೋ ತಿರುವಿನಲ್ಲಿ ಸರಿಯಾಗಿ ನೋಡಲಿಲ್ಲವೇ?

ಮೆಟ್ಟಿಲಿಳಿದು ಹೊರಗೆ ಓಡಿದಳು. ಕಣ್ಣು ಮಂಜಾಗಿತ್ತು. ಹಾಗಾಗಿ ಗೇಟಿನ ಹತ್ತಿರ ಬಸ್ಸಿನಿಂದ ಇಳಿದು, ಒಂದೊಂದೇ ಹೆಜ್ಜೆಯಿಟ್ಟು ಬರುತ್ತಿದ್ದ ಇಬ್ಬರನ್ನು ಅವಳು ತಕ್ಷಣ ಗುರುತಿಸಲಿಲ್ಲ.

"ಮಗಾ," ಎಂದರು ತಾಯಿ, "ನಮ್ಮ ಗೇಟಿನ ಹುಡುಗಿ ಅಲ್ವಾ ಅದು?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳು ಉಕ್ಕಿ ಬಂತು. ತಡೆಯಲೂ ಹೋಗಲಿಲ್ಲ.

ತಾಯಿಯನ್ನು ನರ್ಸ್ ಒಳಗೆ ಕರೆದುಕೊಂಡು ಹೋದ ಮೇಲೆ, ವಾರ್ಡಿನ ಹೊರಗೆ ಅವಳು ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಅವನು ಬಂದು ಕೂತ.

"ಬಸ್ಸಲ್ಲಿ ಬಂದ್ರಾ?" ಎಂದಳು ಅವಳು. "ಟ್ಯಾಕ್ಸ್ ಕಟ್ಟಿದ್ದೀರಿ. ಎಫ್‌ಸಿ ಇದೆ. ಮತ್ತೆ..."

"ಭಾವ ಮಾಡಿಸಿದ್ದು. ನನ್ನ ಕೇಳಲಿಲ್ಲ. ಬೆಳಿಗ್ಗೆ ಕೀ ಕೈಗಿಟ್ಟು, ನಿನ್ನ ಕಷ್ಟ ಕಳೀತು ಹೋಗು ಅಂದ್ರು." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಸುಳ್ಳು ಯಾಕೆ ಹೇಳ್ಲಿ, ಖುಷಿನೂ ಆಯ್ತು. ಅಮ್ಮನ್ನ ಹಿಂದೆ ಕೂರಿಸಿದೆ. ಸ್ಟಾರ್ಟ್ ಮಾಡಿದೆ. ಆಮೇಲೆ... ಗಾಜಿನ ಮುಂದೆ ನೀವೇ ನಿಂತ ಹಾಗಾಯ್ತು."

ಅವಳು ಅವನ ಕಡೆ ತಿರುಗಿದಳು.

"ಕಾಲು ಪೆಡಲ್ ಮೇಲೆ ಇಡಕ್ಕೇ ಆಗಲಿಲ್ಲ. ಇಳಿದುಬಿಟ್ಟೆ. ಭಾವ ರೇಗಾಡಿದ್ರು, ಕಾಗದ ಇದೆಯಲ್ಲ ಅಂತ. ಕಾಗದ ಬ್ರೇಕ್ ಹಿಡಿಯಲ್ಲ ಭಾವ ಅಂದೆ. ಎರಡು ಬಸ್ ಬಿಟ್ವಿ, ಸೀಟ್ ಇರೋ ಬಸ್ಸಿಗೆ ಕಾದು ಬಂದ್ವಿ. ಅದಕ್ಕೇ ಲೇಟು."

"ಫೋನ್ ಯಾಕೆ ಕಟ್ ಮಾಡಿದ್ರಿ?"

"ನಿಮ್ಮ ಕೇಂದ್ರದ ನಂಬರ್ ನೋಡಿ ನೀವೇ ಅಂತ ಗೊತ್ತಾಯ್ತು. ಏನು ಅಂತ ಮಾತಾಡ್ಲಿ? ನಿಮ್ಮನ್ನ ಕೊಂದೇ ಬಿಡ್ತಿದ್ದೆ ನಾನು. ಅದಕ್ಕೂ ಮುಂಚೆ ಆಡಬಾರದ ಮಾತು ಬೇರೆ ಆಡಿದ್ದೆ." ಆಮೇಲೆ ಅವಳ ಮುಖ ನೋಡಿ ಕೇಳಿದ. "ನೀವು ಯಾಕೆ ಬಂದ್ರಿ? ಫೇಲ್ ಮಾಡಿದ ಎಲ್ಲಾ ಗಾಡಿ ಹಿಂದೆನೂ ಹೀಗೇ ಹೋಗ್ತೀರಾ?"

"ಇಲ್ಲ," ಎಂದಳು ಅವಳು.

ಮರುದಿನ ಅವನೇ ಕಚೇರಿಗೆ ಹೋಗಿ ಆ ಸುಳ್ಳು ಎಫ್‌ಸಿ ವಾಪಸ್ ಕೊಟ್ಟ. ಟ್ಯಾಕ್ಸ್ ರದ್ದಾಯಿತು, ದಂಡ ಬಿತ್ತು, ಊರಾಚೆಯ ಕೇಂದ್ರದ ಮೇಲೆ ವಿಚಾರಣೆ ಶುರುವಾಯಿತು. ಭಾವ ಮಾತು ಬಿಟ್ಟರು. ನೀಲಿ ಕಾರು ಅಂಗಡಿಯ ಹಿಂದೆ ಟಾರ್ಪಾಲಿನಡಿ ಮಲಗಿತು.

ಅವಳು ಬೆಳಗಿನ ಪಾಳಿ ಬದಲಿಸಿಕೊಂಡು, ಡಯಾಲಿಸಿಸ್ ದಿನಗಳಲ್ಲಿ ತನ್ನ ಕಾರು ತಂದು ಅವರ ಮನೆ ಮುಂದೆ ನಿಲ್ಲಿಸತೊಡಗಿದಳು. ಮೊದಲ ದಿನ ಅವನು ಸಂಕೋಚದಿಂದ ಬೇಡ ಎಂದ. ಅಷ್ಟರಲ್ಲಿ ತಾಯಿ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ದಾರಿಯುದ್ದಕ್ಕೂ ಅವರದೇ ಮಾತು. ಮಗ ಚಿಕ್ಕವನಿದ್ದಾಗ ಕೋಳಿಗೆ ಹೆದರುತ್ತಿದ್ದುದು, ಈಗಲೂ ಜಿರಲೆ ಕಂಡರೆ ಕುರ್ಚಿ ಹತ್ತುವುದು, ಎಲ್ಲವೂ ಹೊರಬಂತು. ಅವನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಅವಳು ನಗು ತಡೆದುಕೊಂಡು ತಿರುವು ತೆಗೆಯುತ್ತಿದ್ದಳು.

ಕೊನೆಗೂ ಪೈಪು ಬಂತು. ಕಾರು ರಿಪೇರಿಯಾಯಿತು. ಅವನು ಅದನ್ನು ಎಳೆಸಿಕೊಂಡೇ ತಪಾಸಣಾ ಕೇಂದ್ರಕ್ಕೆ ತಂದು, ಅವಳ ಸಾಲಿನಲ್ಲೇ ನಿಲ್ಲಿಸಿದ. ತಾಯಿಯೂ ಜೊತೆಗೆ ಬಂದಿದ್ದರು.

ಅವಳು ಕಾರಿನ ಹತ್ತಿರ ಬಂದಳು. ಟಾರ್ಚ್ ಕೈಯಲ್ಲಿತ್ತು. ಆದರೆ ಗುಂಡಿಗೆ ಇಳಿಯಲಿಲ್ಲ.

"ಪಕ್ಕದ ಸಾಲಿಗೆ ತಗೊಂಡು ಹೋಗಿ. ಈ ಗಾಡಿ ನಾನು ನೋಡೋ ಹಾಗಿಲ್ಲ."

ಅವನಿಗೆ ಗಾಬರಿಯಾಯಿತು. "ಯಾಕೆ? ಮತ್ತೇನಾದ್ರೂ ತಪ್ಪಾಯ್ತಾ ನನ್ನಿಂದ?"

"ನಿಯಮ ಇದೆ. ಸ್ವಂತದವರ ಗಾಡಿ ನಾವು ಪರೀಕ್ಷೆ ಮಾಡಬಾರದು."

ಅವನು ಅರ್ಥವಾಗದೆ ನೋಡಿದ. ಆಮೇಲೆ ಅರ್ಥವಾಯಿತು. ಕಿವಿಯವರೆಗೂ ಕೆಂಪಾದ.

"ಸ್ವಂತದವರು ಅಂದ್ರೆ..."

"ನನ್ನ ಕೈಲಿ ಹೇಳಿಸ್ಬೇಡಿ," ಎಂದಳು ಅವಳು, ಟಾರ್ಚನ್ನು ಸುಮ್ಮನೆ ಹಚ್ಚಿ ಆರಿಸುತ್ತಾ. ಆದರೂ ಅವಳೇ ಹೇಳಿದಳು. "ಮೊದಲು ನನಗೆ ಊರಿನ ಎಲ್ಲಾ ಗಾಡಿಗಳ ಬಗ್ಗೆನೂ ಸ್ವಲ್ಪ ಸ್ವಲ್ಪ ಹೆದರಿಕೆ ಇತ್ತು. ಈಗ ಅದೆಲ್ಲಾ ಬಂದು ಒಂದೇ ಗಾಡಿ ಮೇಲೆ ಕೂತಿದೆ. ಇದರ ಕೆಳಗೆ ನಿಂತ್ರೆ ನನ್ನ ಕೈ ನಡುಗುತ್ತೆ. ಪಾಸ್ ಅಂತ ಬರೆಯೋಕೆ ನನ್ನಿಂದ ಆಗಲ್ಲ."

"ಅದು ನನ್ನಿಂದ ಆಯ್ತಲ್ಲ. ಆ ಭಯ ನಾನು ಹೇಗೆ ತೆಗೀಲಿ?"

"ತೆಗೀಬೇಡಿ. ತಲುಪಿದ ಕೂಡ್ಲೇ ಒಂದು ಫೋನ್ ಮಾಡಿ, ಸಾಕು."

ಕಾರಿನೊಳಗಿಂದ ತಾಯಿಯ ಧ್ವನಿ ಬಂತು. "ಕಿಟಕಿ ತೆಗೆದೇ ಇದೆ, ಎಲ್ಲಾ ಕೇಳಿಸ್ತಿದೆ. ಮಗಾ, ಬಾಯಿ ಬಿಟ್ಟು ಏನಾದ್ರೂ ಹೇಳೋ."

ಪಕ್ಕದ ಸಾಲಿನ ಇನ್‌ಸ್ಪೆಕ್ಟರ್ ಕಾರನ್ನು ಕೂಲಂಕಷವಾಗಿ ನೋಡಿ ಪಾಸ್ ಮಾಡಿದರು. ಕೌಂಟರ್ ಅಕ್ಕ ಎಫ್‌ಸಿ ನೋಡಿ ಟ್ಯಾಕ್ಸ್ ತೆಗೆದುಕೊಂಡರು. ಅವಳ ಪಾಳಿ ಮುಗಿಯುವವರೆಗೂ ತಾಯಿ, ಮಗ ಅಂಗಳದಲ್ಲೇ ಕಾದರು.

ಅವಳು ಮೊದಲ ಬಾರಿಗೆ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಇಳಿಜಾರು ಶುರುವಾದಾಗ ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು.

ಅವನು ಅದನ್ನು ಗಮನಿಸಿ ವೇಗ ಇಳಿಸಿದ. "ಆ ಕಡೆ ಪೆಡಲ್ ಇಲ್ಲ."

"ಗೊತ್ತು. ಕಾಲು ಕೇಳಲ್ಲ."

"ಒತ್ತುತ್ತಾ ಇರಿ ಹಾಗಾದ್ರೆ," ಎಂದ ಅವನು ಮೆಲ್ಲಗೆ. "ನೀವು ಅಲ್ಲಿ ಒತ್ತಿದಾಗೆಲ್ಲ ನಾನು ಇಲ್ಲಿ ಹಿಡೀತೀನಿ."