ನಿಂಬೆಹಣ್ಣು ದಾಟಿದ ಕಾರು

ಶೆಡ್ಡಿನ ಬಾಗಿಲು ತೆರೆದಾಗ ಒಳಗೆ ಕಾರು ಇರಲಿಲ್ಲ. ನೆಲದ ಮೇಲೆ ನಾಲ್ಕು ನಿಂಬೆಹಣ್ಣುಗಳಿದ್ದವು, ಅಷ್ಟೆ.

ಆ ಬೆಳಿಗ್ಗೆ ಅರ್ಧ ಮೂಡುಬಿದಿರೆಯೇ ಶಿರ್ತಾಡಿಗೆ ಬಂದಿತ್ತು. ಹಾರ್ಡ್‌ವೇರ್ ವ್ಯಾಪಾರಿ ಆದೀಶ ಇಂಗ್ಲೆಂಡಿನಿಂದ ಬಿಡಿಭಾಗಗಳಾಗಿ ತರಿಸಿದ ಸ್ಪೋರ್ಟ್ಸ್ ಕಾರಿನ ಮೊದಲ ಸವಾರಿ ನೋಡಬೇಕಲ್ಲ! ಬಾಗಿಲಿಲ್ಲ, ಮೇಲೆ ಛಾವಣಿಯಿಲ್ಲ, ತೂಕ ಐದು ಕ್ವಿಂಟಾಲೂ ಇಲ್ಲ. ಪೆಟ್ಟಿಗೆಗಳು ಹಡಗಿನಲ್ಲಿ ಬಂದು, ಕಸ್ಟಮ್ಸಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು, ಕೊನೆಗೆ ಬಂಟ್ವಾಳದ ಬಿ.ಸಿ.ರೋಡಿನ ಮೆಕ್ಯಾನಿಕ್ ಉನೈಸ್ ಜೋಡಿಸಿದ್ದ. ರಸ್ತೆಗಿಳಿಸಲು ಆರ್‌ಟಿಓ ಒಪ್ಪಿಗೆ ಸಿಕ್ಕಿರಲಿಲ್ಲ. ಹಾಗಾಗಿ ಮನೆಯೆದುರಿನ ಮೈದಾನದಲ್ಲೇ ಒಂದು ಸುತ್ತು, ಆಮೇಲೆ ಊಟ. ಊಟಕ್ಕೇನೂ ಅಡ್ಡಿಯಾಗಲಿಲ್ಲ ಎನ್ನಿ.

ಆದೀಶನ ದೂರಿನ ಮೇಲೆ ಬಂದ ಸಬ್ ಇನ್ಸ್‌ಪೆಕ್ಟರ್ ಸುರಕ್ಷಾ ಬೀಗ ನೋಡಿದಳು. ಮುರಿದಿರಲಿಲ್ಲ.

"ಕೀ ಯಾರ ಹತ್ರ ಉಂಟು?"

"ಒಂದು ನನ್ನಲ್ಲಿ. ಇನ್ನೊಂದು ಉನೈಸನ ಹತ್ರ," ಎಂದ ಆದೀಶ.

ಇನ್ನೇನು ಬೇಕು? ಪಾಯಸ ಬರುವ ಮೊದಲೇ ಜನ ತೀರ್ಪು ಕೊಟ್ಟಾಗಿತ್ತು.

* * *

"ಸಂಜೆಯೊಳಗೆ ಆ ಮೆಕ್ಯಾನಿಕನ ಅರೆಸ್ಟ್ ತೋರಿಸಿ," ಎಂದು ಸರ್ಕಲ್ ಸಾಹೇಬರ ಫೋನು ಬಂತು.

ಠಾಣೆಯ ಬೆಂಚಿನಲ್ಲಿ ಉನೈಸ್ ಕೂತಿದ್ದ. ಕಡ್ಡಿಯಂಥ ಆಳು.

"ಗ್ಯಾರೇಜಿಂದ ಒಬ್ಬೊಬ್ಬರೇ ಗಾಡಿ ವಾಪಸ್ ತಕೊಂಡು ಹೋಗ್ತಾ ಇದ್ದಾರಂತೆ ಮೇಡಂ. ಕಳ್ಳನ ಕೈಗೆ ಗಾಡಿ ಕೊಡುವವರು ಯಾರು? ನನ್ನ ಕಥೆ ಮುಗೀತು."

ಸುರಕ್ಷಾಳಿಗೆ ಅವನ ಮೇಲೆ ಕನಿಕರ ಹುಟ್ಟಿತು. ಕನಿಕರ ಸಾಕ್ಷಿಯಲ್ಲವಲ್ಲ.

"ಸ್ಟಿಯರಿಂಗ್ ಶೆಡ್ಡಿನ ಮೇಜಿನ ಮೇಲೆ ಇತ್ತು. ಎಂತಕ್ಕೆ ತೆಗೆದದ್ದು?"

"ಮೇಜಿನ ಮೇಲಾ? ನಾನು ನಿನ್ನೆ ಸಂಜೆ ಸಿಕ್ಕಿಸಿಯೇ ಹೋದದ್ದು. ಕೂರ್ಲಿಕ್ಕೆ ಜಾಗ ಕಡಿಮೆ ಅಲ್ವಾ, ಕಳಚಿದ್ರೆ ಒಳಗೆ ಇಳೀಲಿಕ್ಕೆ ಸುಲಭ. ನನ್ನ ಮೈಗೆ ಕಳಚುವ ಅಗತ್ಯವೇ ಬರ್ಲಿಲ್ಲ."

"ಆದೀಶರು ಕೂತು ನೋಡಿದ್ರಾ?"

"ಇಲ್ಲ. ಮುಹೂರ್ತಕ್ಕೇ ಕೂರ್ತೇನೆ ಅಂದ್ರು."

* * *

ಸುರಕ್ಷಾ ಮತ್ತೆ ಶೆಡ್ಡಿಗೆ ಹೋದಳು. ಜೊತೆಗೆ ಹಳೆಯ ಕಾನ್‌ಸ್ಟೇಬಲ್ ಗುರುವಪ್ಪ. ನಿಂಬೆಹಣ್ಣುಗಳನ್ನು ಆದೀಶನ ತಾಯಿ ರಾಜಮತಿಯಮ್ಮ ಹಿಂದಿನ ಸಂಜೆ ಚಕ್ರಕ್ಕೊಂದರಂತೆ, ಮುಂದಿನ ಎರಡರ ಮುಂದೆ, ಹಿಂದಿನ ಎರಡರ ಹಿಂದೆ ತಾಗಿಸಿ ಇಟ್ಟಿದ್ದರು. ಒಂದೂ ಜಜ್ಜಿರಲಿಲ್ಲ.

"ತಳ್ಳಿದ್ರೂ ಅಪ್ಪಚ್ಚಿ ಆಗ್ಬೇಕಿತ್ತಲ್ಲ ಮೇಡಂ?"

"ಹೌದು ಗುರುವಪ್ಪಣ್ಣ. ಹಾಗಾದ್ರೆ ಎತ್ತಿದ್ದು."

"ಕಾರನ್ನಾ? ಏಳೆಂಟು ಗಟ್ಟಿ ಆಳು ಬೇಕು ಮಾರಾಯ್ರೇ!"

ಸುರಕ್ಷಾಳ ಕಣ್ಣು ಗೋಡೆಯ ಫೋಟೋಕ್ಕೆ ಹೋಯಿತು. ಹಗ್ಗಜಗ್ಗಾಟದ ತಂಡ. ಎಂಟು ಹೋರಿಯಂಥ ಯುವಕರು, ಎದೆಯ ಮೇಲೆ ಆದೀಶನ ಅಂಗಡಿಯ ಹೆಸರು.

* * *

ತಂಡದ ನಾಯಕ ಶ್ರವಣ್ ಮೈದಾನದಲ್ಲಿ ಹಗ್ಗ ಸುತ್ತುತ್ತಿದ್ದ.

"ಹೆಗಲು ನೋಯ್ತದಾ ಶ್ರವಣ್?" ಸುರಕ್ಷಾ ಸುಮ್ಮನೆ ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಶ್ರವಣನ ಕೈ ತಾನಾಗಿ ಮೇಲೆ ಹೋಯಿತು.

"ಕದ್ದದ್ದಲ್ಲ ಮೇಡಂ! ಆದೀಶಣ್ಣನೇ ಹೇಳಿದ್ದು. ವೇಣೂರಿನ ಮುಚ್ಚಿದ ಗೇರುಬೀಜ ಫ್ಯಾಕ್ಟರಿಯಲ್ಲಿ ಇಡಿ, ಊರವರಿಗೊಂದು ತಮಾಷೆ ಅಂತ. ಉನೈಸನನ್ನು ಹಿಡಿದ ಮೇಲೆ ಬಾಯಿ ಬಿಡ್ಲಿಕ್ಕೆ ಹೆದರಿಕೆ ಆಯ್ತು."

"ನಿಂಬೆಹಣ್ಣು ಸರಿಸಿ ತಳ್ಳಬಹುದಿತ್ತಲ್ಲ?"

"ಅಮ್ಮ ಮುಹೂರ್ತಕ್ಕೆ ಇಟ್ಟದ್ದು. ಅದಕ್ಕೆ ಕೈ ಹಾಕುವುದುಂಟಾ? ಎತ್ತಿ ಪಿಕಪ್ಪಿಗೆ ಹಾಕಿದೆವು."

* * *

ಬೆಳ್ತಂಗಡಿ ತಾಲೂಕಿನ ಆ ಫ್ಯಾಕ್ಟರಿಯೊಳಗೆ ಗುರುವಪ್ಪ ಟಾರ್ಪಾಲು ಎಳೆದ. ಹಳದಿ ಕಾರು. ಎದುರಿಗೆ ಸುರಕ್ಷಾ ಕರೆಸಿದ್ದ ಆದೀಶ. ಬಾಗಿಲ ಬಳಿ ಉನೈಸ್.

"ಉನೈಸ್ ಕದಿಯುವುದಾದ್ರೆ ಕೂತು ಓಡಿಸಿಕೊಂಡು ಹೋಗ್ತಿದ್ದ," ಎಂದಳು ಸುರಕ್ಷಾ. "ಅವನಿಗೆ ಎಂಟು ಜನ ಯಾಕೆ? ಸ್ಟಿಯರಿಂಗ್ ಬಿಟ್ಟು ಹೋಗುವ ಕಳ್ಳ ಯಾರು? ನಿನ್ನೆ ರಾತ್ರಿ ಯಾರೋ ಒಳಗೆ ಇಳೀಲಿಕ್ಕೆ ನೋಡಿದ್ದಾರೆ. ಸ್ಟಿಯರಿಂಗ್ ಕಳಚಿಯೂ ಆಗ್ಲಿಲ್ಲ. ಈಗ ಕೂತ್ಕೊಳ್ಳಿ ಆದೀಶರೇ."

ಆದೀಶ ಕಾಲು ಹಾಕಿದ. ಇನ್ನೊಂದು ಕಾಲನ್ನೂ ಹಾಕಿದ. ಅಂಚನ್ನು ಹಿಡಿದು ಉಸಿರು ಬಿಗಿಹಿಡಿದು ಇಳಿದ. ಸೊಂಟದಲ್ಲೇ ಸಿಕ್ಕಿಕೊಂಡ.

"ಆರ್ಡರ್ ಮಾಡುವಾಗ ನಾನು ಇಷ್ಟು ದಪ್ಪ ಇರ್ಲಿಲ್ಲ," ಎಂದ. ಅಳು ಬರುವುದೊಂದು ಬಾಕಿ. "ಊರಿಗೆ ಊರೇ ಬರ್ತದೆ. ಎಲ್ಲರೂ ಮೊಬೈಲ್ ಹಿಡೀತಾರೆ. ಅದಕ್ಕೆ... ಸ್ವಲ್ಪ ದಿನ ಬಿಟ್ಟು ಸಿಕ್ಕಿತು ಅಂತ ಹೇಳುವ ಅಂತಿದ್ದೆ."

"ಆ ಸ್ವಲ್ಪ ದಿನ ನಾನು ಕಳ್ಳನಾ ಅಣ್ಣ?" ಉನೈಸ್ ಕೇಳಿದ.

ಆದೀಶ ಅಂಚನ್ನು ಒತ್ತಿ ಮೇಲೇಳಲು ನೋಡಿದ. ಕಾರು ಬಿಡಲಿಲ್ಲ.

"ಕೇಸು ಗೀಸು ನನಗೆ ಬೇಡ ಮೇಡಂ," ಎಂದ ಉನೈಸ್. "ಬಿ.ಸಿ.ರೋಡಿನಲ್ಲಿ, ನನ್ನ ಗ್ಯಾರೇಜಿನ ಎದುರು ನಿಂತು, ಕಾರು ಯಾಕೆ ಮಾಯ ಆಯ್ತು ಅಂತ ಇವರು ಬಾಯಿಬಿಟ್ಟು ಹೇಳ್ಲಿ. ಸಾಕು."

ಕಾರಿನಲ್ಲಿ ಅರ್ಧ ಇಳಿದಿದ್ದ ಆದೀಶ ಸುರಕ್ಷಾಳತ್ತ ಕೈಮುಗಿದ.

"ಮೇಡಂ, ನೀವು ಕೇಸೇ ಹಾಕಿ."

"ಸುಳ್ಳು ದೂರಿನ ಕೇಸು ಹೇಗೂ ಉಂಟು," ಎಂದಳು ಸುರಕ್ಷಾ. "ಗುರುವಪ್ಪಣ್ಣ, ಇವರನ್ನು ಎಳೆದು ತೆಗೀರಿ. ಬಿ.ಸಿ.ರೋಡಿಗೆ ಹೋಗುವ."