ಗೆದ್ದವನ ಬಲಗೈ

"ಗೆದ್ರೆ ಆ ಗಡಿಯಾರ ರಿಪೇರಿಯವರ ಕೈ ಕುಲುಕಬೇಡಿ," ತೀರ್ಪುಗಾರ್ತಿ ಟೈಲರ್‌ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಮಾಟದ ಕೈ ಅದು. ಇಲ್ಲಿ ಬೇಕಂತಲೇ ಸೋತು, ಗೆದ್ದೋರಿಗೆ ಆ ಮಾಟ ದಾಟಿಸ್ತಾರೆ. ಗೊತ್ತಿರೋರೆಲ್ಲ ದೂರದಿಂದಲೇ ತಲೆಯಾಡಿಸಿ ಎದ್ದು ಹೋದ್ರು."

ಟೈಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ನನ್ನ ತಲೆ ಕೆಡಿಸೋಕೆ ಅವರೆಷ್ಟು ಟೀ ಕುಡಿಸಿದ್ರು?"

ಹವ್ಯಾಸಿಗಳ ಚೆಸ್ ಪಂದ್ಯಾವಳಿಗೆ ಅವನೂ ಅಂಗಡಿಗಳ ಬೋರ್ಡ್ ಬರೆಯುವ ಅವನ ತಮ್ಮನೂ ಹೊಸಬರು. ಟೈಲರ್‌ನ ಬಲಗೈ ಕತ್ತರಿ ಹಿಡಿದರಷ್ಟೇ ಮನೆಯ ಒಲೆ ಉರಿಯುತ್ತಿತ್ತು.

ಎದುರಿಗೆ ಗಡಿಯಾರ ರಿಪೇರಿಯವನು. ಕಾಯಿ ನಡೆಸುವುದೂ ಎಡಗೈ, ನಡೆ ಗೀಚುವುದೂ ಎಡಗೈ. ಬಲಗೈ ಕೋಟಿನ ಜೇಬಿನಲ್ಲಿ ಸತ್ತಂತೆ ಬಿದ್ದಿತ್ತು. ಅಲ್ಲಿಂದ ಸುಟ್ಟ ಕೂದಲಿನ ವಾಸನೆ. ದಪ್ಪ ಪರದೆ ಎಳೆದಿದ್ದ ಸಭಾಂಗಣದ ಮಬ್ಬಿನಲ್ಲಿ ಮೇಜುಮೇಜಿನ ಗಡಿಯಾರಗಳು ಗೆದ್ದಲು ಮರ ಕೊರೆದಂತೆ ಟಿಕಟಿಕ ಎನ್ನುತ್ತಿದ್ದವು.

ಹನ್ನೆರಡನೇ ನಡೆಗೆ ರಿಪೇರಿಯವನು ತನ್ನ ರಾಣಿಯನ್ನು ಟೈಲರ್‌ನ ಆನೆಯ ಬಾಯಿಗೇ ತಂದಿಟ್ಟ. ಇದರಲ್ಲೇನೋ ಮಸಲತ್ತಿದೆ! ಟೈಲರ್ ಹತ್ತು ನಿಮಿಷ ಬಲೆ ಹುಡುಕಿದ. ಹಲಗೆಯ ಮೇಲಷ್ಟೇ ಹುಡುಕಿದ. ಕಾಣಲಿಲ್ಲ. ರಾಣಿಯನ್ನು ಹೊಡೆದ.

"ಸೋತೆ." ರಿಪೇರಿಯವನು ರಾಜನನ್ನು ಮಲಗಿಸಿದ. ಎಡಗೈಯಿಂದ ಬಲಗೈಯನ್ನು ಎತ್ತಿ ಮುಂದೆ ಹಿಡಿದ. "ಏನ್ ಟೈಲರ್ರೇ, ಹೆದರಿಕೆನಾ?"

ಅಕ್ಕಪಕ್ಕದ ಮೇಜಿನವರು ತಲೆಯೆತ್ತಿದರು. ಮರ್ಯಾದೆ ಪ್ರಶ್ನೆ. ಟೈಲರ್ ಕೈ ಕೊಟ್ಟ.

ಚಳಿ. ಮೊಣಕೈವರೆಗೂ ಚಳಿ. ಸಾವಿರ ಸೂಜಿ. ಎಳೆದ. ಬರಲಿಲ್ಲ. ಮತ್ತೆ ಎಳೆದ. ಸೂಜಿಗಳು ನಿಂತವು. ಏನೂ ಇಲ್ಲ. ಕೈಯೇ ಇಲ್ಲ ಅನ್ನುವ ಹಾಗೆ.

ರಿಪೇರಿಯವನು ಬಲಗೈಯಲ್ಲೇ ಪೆನ್ನು ಹಿಡಿದು ಮುತ್ತಿನಂಥ ಸಹಿ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. "ಕ್ಷಮಿಸಿ. ಹೋದ ವರ್ಷ ಇಲ್ಲೇ ನಂಗೂ ಹೀಗೇ ಅಂಟಿಕೊಂಡಿದ್ದು. ಆಮೇಲೆ ಒಂದು ಸ್ಕ್ರೂ ತಿರುಗಿಸಿಲ್ಲ ನಾನು."

ಉಳಿದದ್ದು ಒಂದೇ ಸುತ್ತು. ಆಮೇಲೆ ಪಂದ್ಯಾವಳಿ ಬರುವ ವರ್ಷವೇ. ಟೈಲರ್ ಗೋಡೆಯ ಪಟ್ಟಿ ನೋಡಿದ. ಅವನ ಹೆಸರಿನ ಎದುರಿಗೆ ತಮ್ಮನ ಹೆಸರು.

"ಅವನಿಗೆ ಹೇಳಿದ್ರಾ, ಅಕ್ಕಾ?" ಟೈಲರ್ ಕೇಳಿದ.

"ಹೇಳಿದೆ," ತೀರ್ಪುಗಾರ್ತಿ ಅವನ ಮುಖ ನೋಡಲಿಲ್ಲ. "ನಿಮ್ಮ ಹಾಗೇ ನಕ್ಕ."

ತಮ್ಮ ಎದುರಿಗೆ ಬಂದು ಕೂತ. ಅವನ ಬಲಗೈ ಬೆರಳುಗಳಲ್ಲಿ ಬಣ್ಣದ ಕಲೆ ಇನ್ನೂ ಹಸಿಯಾಗಿತ್ತು. ಟೈಲರ್ ತನ್ನ ಬಲಗೈಯನ್ನು ಜೇಬಿಗೆ ತುರುಕಿದ. ಒಂಬತ್ತು ನಡೆ ಸರಿಯಾಗಿಯೇ ಆಡಿದ. ಹತ್ತನೆಯದಕ್ಕೆ ಅವನ ಎಡಗೈ ರಾಣಿಯನ್ನು ತಮ್ಮನ ಆನೆಯ ಮುಂದೆ ತಳ್ಳಿತು.

ತಮ್ಮ ಹುಬ್ಬು ಗಂಟಿಕ್ಕಿದ. "ಏನಣ್ಣಾ, ರಾಣೀನೇ ಸುಮ್ನೆ ಕೊಡ್ತಿದ್ದೀಯಾ? ಏನ್ ಸಮಾಚಾರ?" ಮೂಗರಳಿಸಿದ. "ಏನೋ ಸುಟ್ಟ ವಾಸನೆ ಬೇರೆ."

"ಚಿಕ್ಕೋನು ನೀನು," ಎಂದ ಟೈಲರ್. "ತಗೋ."